ಎಷ್ಟು ದಿನದಿಂದ ನೋವು?

ನನ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯ ಗೋಡೆಯಲ್ಲಿ ಒಂದು ತೂತಿದೆ. 2005ರಲ್ಲಿ ಇನ್ಶೂರೆನ್ಸ್ ಕಂಪನಿಯೊಂದು ನನ್ನನ್ನು ಐವತ್ತು ನಿಮಿಷ ಹೋಲ್ಡಿನಲ್ಲಿಟ್ಟು, ಕಡೆಗೆ ಲೈನನ್ನೇ ಕಟ್ ಮಾಡಿದಾಗ ನಾನು ರಿಸೀವರ್ ಬೀಸಿ ಒಗೆದದ್ದರ ಗುರುತು ಅದು. ಮರುವಾರ ಕೆಲಸಕ್ಕೆ ಸೇರಿದ ಕನೀಜ್, ಮೊದಲ ದಿನವೇ ಆ ತೂತು ನೋಡಿ, ಏನೂ ಕೇಳದೆ, ಪಕ್ಕದೂರು ಎಡಿಸನ್ನಿನ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಅದರ ಮೇಲೆ ತೂಗುಹಾಕಿದಳು. ವರ್ಷಕ್ಕೊಮ್ಮೆ ಕ್ಯಾಲೆಂಡರ್ ಬದಲಾಗುತ್ತದೆ. ತೂತು ಹಾಗೇ ಇದೆ.

ನಾನು ಡಾಕ್ಟರ್ ಶಂಕರನಾರಾಯಣ. ಮೈಸೂರಿನಲ್ಲಿ ಓದಿದವನು, ನ್ಯೂಜೆರ್ಸಿಯ ಮೆಟುಚೆನ್ ರೈಲ್ವೆ ಸ್ಟೇಷನ್ನಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಬಹಳ ವರ್ಷಗಳಿಂದ ಪ್ರಾಕ್ಟೀಸ್ ಮಾಡುತ್ತಿರುವವನು. ನನಗೆ ಸಿಟ್ಟು ಬಹಳ ಬೇಗ ಬರುತ್ತದೆ, ಹೋಗುವುದು ನಿಧಾನ. ಇದನ್ನು ಮೊದಲೇ ಹೇಳಿಬಿಟ್ಟರೆ ಕನೀಜ್ ನನಗೆ ಯಾಕೆ ಬೇಕಾಗಿದ್ದಳು ಎನ್ನುವುದನ್ನು ಬೇರೆ ವಿವರಿಸಬೇಕಾಗಿಲ್ಲ.

ಅವಳ ಕೆಲಸಕ್ಕೆ ಇಲ್ಲಿ ಬಿಲ್ಲಿಂಗ್ ಎನ್ನುತ್ತಾರೆ. ಡಾಕ್ಟರು ರೋಗಿಯನ್ನು ನೋಡುವುದು ಹದಿನೈದು ನಿಮಿಷ. ಆ ಹದಿನೈದು ನಿಮಿಷ ನಿಜವಾಗಿ ನಡೆಯಿತು, ನಡೆಯಬೇಕಾಗಿತ್ತು ಎಂದು ಇನ್ಶೂರೆನ್ಸಿನವರನ್ನು ಒಪ್ಪಿಸಲು ಇನ್ನೊಬ್ಬರು ಗಂಟೆಗಟ್ಟಲೆ ಫೋನ್ ಹಿಡಿದು ಕೂರಬೇಕು. ಅಮೆರಿಕದಲ್ಲಿ ಆರೋಗ್ಯಕ್ಕೆ ಇಷ್ಟೊಂದು ದುಡ್ಡು ಯಾಕೆ ಸುರಿಯುತ್ತಿದೆ ಎಂದು 2009ರ ಬೇಸಿಗೆಯಿಡೀ ಟೀವಿಯಲ್ಲಿ ದೊಡ್ಡವರು ಜಗಳವಾಡಿದರು. ಅವರಲ್ಲಿ ಒಬ್ಬರಾದರೂ ನನ್ನ ಹಿಂದಿನ ಕೋಣೆಗೆ ಬಂದು ಅರ್ಧ ದಿನ ಕೂತಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು.

ಹೋಲ್ಡಿನಲ್ಲಿ ಕೂರುವುದಕ್ಕೆ ಕನೀಜಳದೇ ಒಂದು ಪದ್ಧತಿಯಿತ್ತು. ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳನ್ನು ನೆನೆಸಿ, ಒಂದು ಸ್ಟೀಲ್ ಪಾತ್ರೆಯಲ್ಲಿ ತರುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ, ದನಿ ತಗ್ಗಿಸಿ, ಆ ಕಡೆಯಿಂದ ಬರುವ ಸಂಗೀತ ಕೇಳುತ್ತಾ ಒಂದೊಂದೇ ಕಾಳು ಹಿತಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡುತ್ತಿದ್ದಳು. ಯಾವ ಕಂಪನಿ ಎಷ್ಟು ಸತಾಯಿಸುತ್ತದೆ ಎನ್ನುವುದನ್ನು ಅವಳು ನಿಮಿಷದಲ್ಲಿ ಹೇಳುತ್ತಿರಲಿಲ್ಲ. "ಇವರದು ಒಂದು ಬಟ್ಟಲು ಡಾಕ್ಟ್ರೇ, ಅವರದು ಎರಡೂವರೆ" ಎನ್ನುತ್ತಿದ್ದಳು. ಮನೆಯಲ್ಲಿ ಆ ಕಾಳು ಖೀಮಾಕ್ಕೆ ಬೀಳುತ್ತಿತ್ತು. ನನಗಾಗಿ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಮಾಡಿದ ಹಿತಕವರೆ ಸಾರು ಬರುತ್ತಿತ್ತು. ನನಗೆ ಪಾವತಿಯಾಗದ ಬಿಲ್ಲುಗಳ ಮೇಲೆ ಇರುವ ಕೋಪ ಆ ಸಾರು ಉಂಡ ದಿನ ಸ್ವಲ್ಪ ಇಳಿಯುತ್ತಿತ್ತು.

ಆ ಕಡೆ ಯಾರಾದರೂ ಫೋನ್ ಎತ್ತಿದ ಕೂಡಲೇ ಅವಳು ಮೊದಲು ಹೆಸರು ಕೇಳುತ್ತಿದ್ದಳು. ಆಮೇಲೆ ಎಲ್ಲಿಂದ ಮಾತಾಡುತ್ತಿದ್ದೀರಿ, ಅಲ್ಲಿ ಸ್ನೋ ಬಿತ್ತಾ ಎಂದು ಕೇಳುತ್ತಿದ್ದಳು. ಎಲ್ಲವನ್ನೂ ಒಂದು ರಟ್ಟಿನ ಚೀಟಿಯ ಮೇಲೆ ಬರೆದು ಡಬ್ಬಿಗೆ ಹಾಕುತ್ತಿದ್ದಳು. ಆರು ತಿಂಗಳ ನಂತರ ಅದೇ ಹೆಂಗಸು ಸಿಕ್ಕರೆ "ನಿಮ್ಮ ಮಗಳ ಮಂಡಿ ಆಪರೇಷನ್ ಹೇಗಾಯ್ತು?" ಎಂದು ವಿಚಾರಿಸುತ್ತಿದ್ದಳು. ಇದು ಉಪಾಯವೇ ಎಂದು ನಾನೊಮ್ಮೆ ಕೇಳಿದ್ದೆ.

"ಉಪಾಯ ಏನಿಲ್ಲ ಡಾಕ್ಟ್ರೇ. ದಿನವೆಲ್ಲ ಬೈಸ್ಕೊಳ್ಳೋ ಕೆಲಸ ಅವರದು. ಬೈಯೋಕೆ ನೀವಿದ್ದೀರಲ್ಲ, ಇನ್ನೊಬ್ರು ಯಾಕೆ?" ಎಂದಳು.

ಕನೀಜ್ ಮೈಸೂರಿನ ಮಂಡಿ ಮೊಹಲ್ಲಾದವಳು. ಗಂಡ ಯೂನುಸ್ ಬಾಸ್ಕಿಂಗ್ ರಿಡ್ಜಿನ ದೊಡ್ಡ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಇದ್ದವರು, 2009ರ ಫೆಬ್ರವರಿಯಲ್ಲಿ ಒಂದೇ ದಿನ ಇನ್ನೂರು ಜನರ ಜೊತೆ ಅವರೂ ಕೆಲಸ ಕಳೆದುಕೊಂಡು ಮನೆಗೆ ಬಂದರು. ಆಮೇಲೆ ನ್ಯೂವರ್ಕ್ ಏರ್‌ಪೋರ್ಟಿಗೆ ಬಾಡಿಗೆ ಕಾರು ಓಡಿಸಲು ಶುರುಮಾಡಿದರು. ಮಗಳು ಯುಸ್ರಾ ಹೈಸ್ಕೂಲಿನಲ್ಲಿದ್ದಳು. ಇವರ ಇನ್ಶೂರೆನ್ಸ್ ಇದ್ದದ್ದು ಯೂನುಸ್ ಅವರ ಕಂಪನಿಯಿಂದ.

ಇಲ್ಲಿ ನನ್ನ ತಪ್ಪೊಂದಿದೆ, ಅದನ್ನು ನುಂಗಿಕೊಂಡು ಮುಂದೆ ಹೋಗಲಾರೆ. ನಮ್ಮದು ಐದು ಜನರ ಕ್ಲಿನಿಕ್ಕು. ಸಿಬ್ಬಂದಿಯ ಇನ್ಶೂರೆನ್ಸ್ ಕಂತು ವರ್ಷ ವರ್ಷ ಏರಿ, 2008ರಲ್ಲಿ ನಾನು ಅದನ್ನು ನಿಲ್ಲಿಸಿಬಿಟ್ಟೆ. "ನಿನಗೆ ಹೇಗೂ ಯೂನುಸ್ ಕಡೆಯಿಂದ ಇದೆಯಲ್ಲಮ್ಮ" ಎಂದಿದ್ದೆ. ಅವರ ಕೆಲಸ ಹೋದ ಮೇಲೆ ಪೂರ್ತಿ ದುಡ್ಡು ಕೈಯಿಂದ ಕಟ್ಟಿ ಕೆಲವು ತಿಂಗಳು ಅದನ್ನೇ ಮುಂದುವರಿಸಿದರು. ಆಮೇಲೆ ಮಗಳಿಗೆ ಮಾತ್ರ ರಾಜ್ಯದ ಯೋಜನೆಯಲ್ಲಿ ಮಾಡಿಸಿ, ತಮ್ಮದನ್ನು ಬಿಟ್ಟರು. ಕನೀಜ್ ಹೇಳಲಿಲ್ಲ, ನಾನು ಕೇಳಲಿಲ್ಲ. ದಿನಕ್ಕೆ ಮೂವತ್ತು ಜನರನ್ನು "ಹೇಗಿದ್ದೀರಿ?" ಎಂದು ಕೇಳುವವನು ಪಕ್ಕದ ಕೋಣೆಯಲ್ಲಿದ್ದವಳನ್ನು ಕೇಳಲಿಲ್ಲ.

ಅದೇ ಕಾಲದಲ್ಲಿ ಊರಿನ ಅರ್ಧ ಬಡವರ ಚಾರಿಟಿ ಕೇರ್ ಅರ್ಜಿಗಳು ಅವಳ ದುಂಡು ಅಕ್ಷರದಲ್ಲಿ ತುಂಬುತ್ತಿದ್ದವು. ಇನ್ಶೂರೆನ್ಸ್ ಇಲ್ಲದ, ಆದಾಯ ಕಡಿಮೆಯಿರುವವರಿಗೆ ನ್ಯೂಜೆರ್ಸಿಯ ಆಸ್ಪತ್ರೆಗಳು ಬಿಲ್ಲು ಬಿಡುವ ವ್ಯವಸ್ಥೆ ಅದು. ಕೆಲಸ ಕಳೆದುಕೊಂಡವರು ಮುಖ ತಗ್ಗಿಸಿ ಬರುತ್ತಿದ್ದರು. ಕನೀಜ್ ಅವರಿಗೆ ಚಹಾ ಕೊಟ್ಟು, ಲೈಬ್ರರಿ ಕಾರ್ಡ್ ಮಾಡಿಸುವಷ್ಟು ಸಲೀಸಾಗಿ ಆ ಅರ್ಜಿ ತುಂಬಿಸಿ ಕಳಿಸುತ್ತಿದ್ದಳು.

ಗದಿಗೆಪ್ಪ ಮಾಸ್ತರರು ನಮ್ಮ ಕ್ಲಿನಿಕ್ಕಿಗೆ ಬಂದದ್ದು 2009ರ ನವೆಂಬರಿನಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪೀಟಿ ಮಾಸ್ತರರಾಗಿದ್ದವರು. ಹೆಂಡತಿ ಶೈಲಮ್ಮನ ಜೊತೆ ಅಕ್ಟೋಬರಿನಲ್ಲಿ ಹತ್ತಿರದ ಓಲ್ಡ್ ಬ್ರಿಡ್ಜ್ ಊರಿನಲ್ಲಿದ್ದ ಮಗಳು ಅನುಶ್ರೀ, ಅಳಿಯ ಬಸವನ ಮನೆಗೆ ಬಂದಿದ್ದರು. ಸುಮ್ಮನೆ ಕೂರುವ ಜಾಯಮಾನದವರಲ್ಲ. ಹಿತ್ತಲಲ್ಲಿ ಉದುರಿದ್ದ ಮೇಪಲ್ ಎಲೆಗಳನ್ನೆಲ್ಲ ಎರಡು ದಿನ ಗುಡಿಸಿ ರಾಶಿ ಹಾಕಿದರು, ಮೂರನೇ ದಿನ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. ಆಂಬುಲೆನ್ಸ್ ಬಂತು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿ ಜೀವ ಉಳಿಸಿದರು.

ಬಿಲ್ಲು ಎಪ್ಪತ್ತೆಂಟು ಸಾವಿರ ಡಾಲರ್ ಆಗಿತ್ತು. ಬಸವ ತಪ್ಪದೆ ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದ, ಹಾಗಾಗಿ ಯಾರೂ ಹೆದರಲಿಲ್ಲ. ಜನವರಿ ಕೊನೆಯಲ್ಲಿ ಕಂಪನಿಯ ಕಾಗದ ಬಂತು. ಕಾಯಿಲೆ ಪಾಲಿಸಿಗೆ ಮುಂಚಿನಿಂದಲೇ ಇತ್ತು, ಆದ್ದರಿಂದ ಒಂದು ಡಾಲರೂ ಕೊಡುವುದಿಲ್ಲ ಎಂದಿತ್ತು.

ಕಾಗದ ಹಿಡಿದು ಬಸವ, ಅನುಶ್ರೀ ಇಬ್ಬರೂ ನನ್ನ ಬಳಿ ಬಂದರು. ಬಸವನ ಕೆಲಸದ ಕಾಂಟ್ರ್ಯಾಕ್ಟು ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತಿತ್ತು, ಮನೆ ಮಾರಿದರೂ ಅದರ ಲೋನ್ ತೀರದ ಕಾಲ ಅದು. ಈ ಬಿಲ್ಲು ತಲೆಯ ಮೇಲೆ ಬಿದ್ದರೆ ಮನೆ ಹೋಗುವುದು ಖಾತ್ರಿಯಿತ್ತು. ನಾನು ಇನ್ಶೂರೆನ್ಸ್ ಕಂಪನಿಗಳಿಗೆ, ಸರ್ಕಾರಕ್ಕೆ, ಎರಡೂ ಪಕ್ಷಗಳಿಗೆ ಬೈದೆ. ಬೈಯುವುದರಲ್ಲಿ ನನಗೆ ಪಕ್ಷಭೇದವಿಲ್ಲ. ಕನೀಜ್ ಮಾತ್ರ ಆಸ್ಪತ್ರೆಯ ದಾಖಲೆ ಇಸಿದುಕೊಂಡು ಒಂದೊಂದೇ ಪುಟ ಓದಿ, ಆರನೆಯದರಲ್ಲಿ ಬೆರಳಿಟ್ಟಳು.

"ರೋಗಿಯ ಹೇಳಿಕೆ ಪ್ರಕಾರ ಎದೆನೋವು ಹತ್ತು ವರ್ಷದಿಂದ ಇದೆ, ಅಂತ ಬರ್ದಿದ್ದಾರೆ. ಇದನ್ನ ಯಾರು ಹೇಳಿದ್ದು?"

ಅನುಶ್ರೀಯ ಮುಖ ಸಣ್ಣದಾಯಿತು. "ನಾನೇ ಆಂಟಿ. ಅಪ್ಪಗ ಇಂಗ್ಲಿಷ್ ಬರೂದಿಲ್ಲ. ಡಾಕ್ಟರ್ ಎಷ್ಟು ದಿನದಿಂದ ಅಂತ ಕೇಳಿದ್ರು. ಅಪ್ಪ, ಇದೇನ್ ಹೊಸಾದಲ್ಲ ತಗೋ, ಹತ್ತ್ ವರ್ಷದಿಂದ ಬರ್ತದ ಹೋಗ್ತದ ಅಂದ್ರು. ನಾನು ಹಂಗ ಟ್ರಾನ್ಸ್‌ಲೇಟ್ ಮಾಡ್ದೆ."

ನಾನು ತಲೆ ಚಚ್ಚಿಕೊಂಡೆ. ನಮ್ಮ ಕಡೆಯ ಹಿರಿಯರನ್ನು ನೋಡುತ್ತಾ ನನಗೆ ಇಪ್ಪತ್ತೆರಡು ವರ್ಷ ಕಳೆದಿತ್ತು. ನೋವು ಎಷ್ಟು ದಿನದ್ದು ಎಂದರೆ ಒಬ್ಬರೂ ನಿಜ ಹೇಳುವುದಿಲ್ಲ. ಹೊಸ ನೋವು ಎಂದರೆ ಮನೆಯವರು ಗಾಬರಿಯಾಗುತ್ತಾರೆ, ಡಾಕ್ಟರು ಟೆಸ್ಟು ಬರೆಯುತ್ತಾರೆ, ಮಕ್ಕಳು ರಜೆ ಹಾಕುತ್ತಾರೆ. ಅದಕ್ಕೇ ಎಲ್ಲ ನೋವಿಗೂ ವಯಸ್ಸು ಹಾಕಿಬಿಡುತ್ತಾರೆ. ಹಳೆಯದು, ಏನಿಲ್ಲ, ಬಿಡಿ. ಅಮೆರಿಕದ ಎಮರ್ಜೆನ್ಸಿ ರೂಮಿನಲ್ಲಿ ಕೂತ ಹುಡುಗ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು? ಕೇಳಿದ್ದನ್ನು ಬರೆದುಕೊಂಡ.

"ಮೇಷ್ಟ್ರಿಗೆ ಮುಂಚೆ ಎದೆನೋವು ಇರ್ಲಿಲ್ಲ ಅನ್ನೋದಕ್ಕೆ ಏನಾದ್ರೂ ಕಾಗದ ಇದ್ಯಾ?" ಎಂದು ಕನೀಜ್ ಕೇಳಿದಳು.

ಹಿಂದಿನ ವರ್ಷದ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದರಂತೆ. ಹಾಗಾದರೆ ಆಪರೇಷನ್ನಿಗೆ ಮುಂಚೆ ಇಸಿಜಿ ಮಾಡಿಯೇ ಇರುತ್ತಾರೆ. ಮರುದಿನದಿಂದ ಕನೀಜ್ ಬೆಳಿಗ್ಗೆ ಏಳಕ್ಕೇ ಕ್ಲಿನಿಕ್ಕಿಗೆ ಬಂದು ಹುಬ್ಬಳ್ಳಿಗೆ ಫೋನ್ ಹಚ್ಚಿದಳು. ಅಲ್ಲಿ ಆಗ ಸಂಜೆ ಐದೂವರೆ. ಮೂರು ದಿನ ಮೂರು ಬಟ್ಟಲು ಅವರೆಕಾಳು ಹಿತಕಿ ಮುಗಿಯಿತು. ಮೂರನೇ ದಿನ ಆಸ್ಪತ್ರೆಯ ಗುಮಾಸ್ತ ಬೇಸರವಿಲ್ಲದೆ ಹೇಳಿದ: "ಫೈಲ್ ನಮ್ಮ ಕಡೆ ಇರೂದಿಲ್ರಿ ಮೇಡಂ. ಪೇಶಂಟ್ ಕಡೇನ ಕೊಟ್ಟು ಕಳಸ್ತೀವಿ."

ಕನೀಜ್ ಫೋನಿಟ್ಟವಳೇ ಓಲ್ಡ್ ಬ್ರಿಡ್ಜಿಗೆ ಮಾಡಿದಳು. ಅನುಶ್ರೀಯನ್ನೂ ಬಸವನನ್ನೂ ಬಿಟ್ಟು ಶೈಲಮ್ಮನನ್ನು ಕೇಳಿದಳು. ಅಷ್ಟು ದಿನವೂ ಎಲ್ಲರ ಮಾತಿನ ನಡುವೆ ಕಾಫಿ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದವರು ಅವರು.

"ಕಣ್ಣಿನ ಆಪರೇಷನ್ ಕಾಗದಾನ? ಇಲ್ಲೇ ಸೂಟ್‌ಕೇಸಿನ ತಳದಾಗ ಐತಲ್ಲ. ಸೀರಿ ಅಂಗಡಿ ಚೀಲದಾಗ ಎಲ್ಲಾ ಹಾಕ್ಕೊಂಡ ಬಂದೀನಿ" ಎಂದರು ಶೈಲಮ್ಮ.

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

"ಯಾರರ ಕೇಳಿದ್ರ ಹೇಳ್ತಿದ್ದೆ."

ಚೀಲದಲ್ಲಿ ಎಲ್ಲವೂ ಇತ್ತು. ಇಸಿಜಿ ನಾರ್ಮಲ್. ಹುಬ್ಬಳ್ಳಿಯ ಡಾಕ್ಟರು ತಮ್ಮ ಕೈಯಲ್ಲೇ, ಎದೆನೋವಿನ ದೂರು ಇಲ್ಲ, ದಿನಾ ಎರಡು ಮೈಲಿ ನಡೆಯುತ್ತಾರೆ ಎಂದು ಬರೆದಿದ್ದರು. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಕನೀಜ್ ಅದನ್ನೂ, ನನ್ನದೊಂದು ಪತ್ರವನ್ನೂ ಸೇರಿಸಿ ಅಪೀಲು ಕಳಿಸಿದಳು. ಮಾರ್ಚ್ ಮೊದಲ ವಾರ ಉತ್ತರ ಬಂತು. ಕಾಗದಗಳನ್ನು ಗಮನಿಸಿದ್ದೇವೆ, ಆದರೆ ರೋಗಿಯ ಸ್ವಂತ ಹೇಳಿಕೆ ಬೇರೆ ಇದೆ. ಮಾರ್ಚ್ ಇಪ್ಪತ್ತೆರಡು ಸೋಮವಾರ, ನಮ್ಮದೇ ಇಂಟರ್‌ಪ್ರಿಟರ್ ಮೂಲಕ ರೋಗಿಯನ್ನು ಫೋನಿನಲ್ಲಿ ವಿಚಾರಿಸುತ್ತೇವೆ. ಅದೇ ಕೊನೆಯ ತೀರ್ಮಾನ.

ಈಗ ಎಲ್ಲವೂ ಮಾಸ್ತರರ ಬಾಯಲ್ಲಿತ್ತು. ಮಾಸ್ತರರು ಮಾತ್ರ ಆಗುವುದಿಲ್ಲ ಎಂದುಬಿಟ್ಟರು.

ಹಿಂದಿನ ಶುಕ್ರವಾರ ಬೀಪಿ ತೋರಿಸಲು ಬಂದಾಗ ನನ್ನೆದುರೇ ಹೇಳಿದರು: "ದವಾಖಾನ್ಯಾಗ ಒಂದು, ಫೋನಿನ್ಯಾಗ ಒಂದು ಹೇಳ್ಲೇನ್ರಿ ಡಾಕ್ಟರ? ರೊಕ್ಕದ ಸಲುವಾಗಿ ಮುದುಕ ಮಾತು ತಿರುವಿದ ಅಂತಾರ. ಮೂವತ್ತನಾಕು ವರ್ಷ ಹುಡುಗ್ರಿಗೆ ಆಡಿದ ಮಾತಿನ ಮ್ಯಾಲ ನಿಲ್ಲ್ರಿ ಅಂತ ಹೇಳಿದಾಂವ ನಾ."

ನನಗೆ ರೇಗಿತು. ಮೇಷ್ಟ್ರೇ, ಮಗಳ ಮನೆ ಹೋಗುತ್ತೆ, ನೀವು ಇಲ್ಲಿ ಹರಿಶ್ಚಂದ್ರನ ಹಾಗೆ ಕೂತಿದ್ದೀರಲ್ಲ ಎಂದು ಹೇಳಲು ಬಾಯಿ ತೆರೆದೆ. ಕನೀಜ್ ನನ್ನ ಕಡೆ ನೋಡಿದಳು. ನಾನು ಬಾಯಿ ಮುಚ್ಚಿದೆ. ಅವಳು ಒಂದು ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು. ಕೂರುವಾಗ ಬಲ ಪಕ್ಕೆಯ ಕೆಳಗೆ ಅಂಗೈ ಒತ್ತಿಕೊಂಡಳು. ಚಳಿಗಾಲದಲ್ಲೆಲ್ಲ ಅವಳು ಹಾಗೆ ಮಾಡುತ್ತಿದ್ದಳು, ಗ್ಯಾಸ್ಟ್ರಿಕ್ ಡಾಕ್ಟ್ರೇ ಎನ್ನುತ್ತಿದ್ದಳು, ನಾನೂ ಹೌದೆಂದುಕೊಂಡಿದ್ದೆ.

"ಮಾತು ತಿರುಗಿಸಿದ್ರು ಅಂತ ಅಂದೇ ಅಂತಾರೆ ಮೇಷ್ಟ್ರೇ, ನೀವು ಹೇಳೋದು ಸರಿ" ಎಂದಳು. "ಅದಕ್ಕೇ ಬರೀ ಅವತ್ತೇ ಮೊದಲು ಅಂದ್ರೆ ಸಾಲ್ದು. ಮತ್ತೆ ಹತ್ತು ವರ್ಷ ಅಂತ ಯಾಕೆ ಅಂದ್ರಿ ಅನ್ನೋದನ್ನೂ ಹೇಳ್ಬೇಕು. ಅದನ್ನ ನಾನು ಹೇಳ್ಕೊಡೋಕಾಗಲ್ಲ. ನನಗೆ ಗೊತ್ತಿಲ್ಲ, ನಿಮಗೊಬ್ರಿಗೇ ಗೊತ್ತು."

ಮಾಸ್ತರರು ಎದ್ದು, ಬೆನ್ನು ನೇರ ಮಾಡಿ, ಶರ್ಟಿನ ಗುಂಡಿ ಹಾಕಿಕೊಂಡು ಹೊರಗೆ ಹೋದರು.

ಆ ಭಾನುವಾರ ರಾತ್ರಿ ವಾಷಿಂಗ್ಟನ್ನಿನಲ್ಲಿ ಹೊಸ ಆರೋಗ್ಯ ಕಾನೂನಿಗೆ ಓಟು ಬಿತ್ತು. ಸೋಮವಾರ ಬೆಳಿಗ್ಗೆ ನನ್ನ ವೇಟಿಂಗ್ ರೂಮು ಪೂರ್ತಿ ಗಲಾಟೆ. ದೇಶ ಹಾಳಾಯಿತು ಎನ್ನುವವರು ಕಿಟಕಿ ಕಡೆ, ದೇಶ ಉಳಿಯಿತು ಎನ್ನುವವರು ಬಾಗಿಲ ಕಡೆ ಕೂತಿದ್ದರು. ರಿಯಲ್ ಎಸ್ಟೇಟಿನ ಮಹದೇವ ಎರಡೂ ಕಡೆಗೆ ತಲೆಯಾಡಿಸಿ, ಕಡೆಗೆ ಕನೀಜಳನ್ನು ಕೇಳಿದ: "ಮೇಡಂ, ಈಗ ನಿಮ್ಮ ಕೆಲಸ ಹೋಗುತ್ತಾ?"

"ಕಾನೂನು ಬಂದ್ರೂ ಫೋನ್ ಯಾರಾದ್ರೂ ಮಾಡ್ಬೇಕಲ್ಲ ಸಾರ್" ಎಂದು ಅವಳು ಟೀವಿ ಆರಿಸಿದಳು.

ನಮ್ಮ ಮಾಸ್ತರರಿಗೆ ಆ ಕಾನೂನಿನಿಂದ ಏನೂ ಆಗಬೇಕಿರಲಿಲ್ಲ. ಅದು ಇಲ್ಲಿ ವಾಸವಿರುವವರದು, ಇವರು ಆರು ತಿಂಗಳ ವಿಸಿಟರ್. ಹತ್ತೂವರೆಗೆ ಎಲ್ಲರೂ ಹಿಂದಿನ ಕೋಣೆಯಲ್ಲಿ ಸೇರಿದೆವು. ಮಾಸ್ತರರು ಮೇಜಿನ ಮುಂದೆ, ಶೈಲಮ್ಮ ಪಕ್ಕದಲ್ಲಿ, ಅನುಶ್ರೀ ಬಸವ ಕ್ಯಾಲೆಂಡರಿನ ಕೆಳಗೆ, ನಾನು ಬಾಗಿಲಲ್ಲಿ. ಅಂದು ಹೋಲ್ಡಿನಲ್ಲಿ ಕಾಯುವುದಿರಲಿಲ್ಲ, ಆದರೂ ಕನೀಜ್ ಅವರೆಕಾಳಿನ ಪಾತ್ರೆ ತಂದಿದ್ದಳು. ಕೈಗೆ ಕೆಲಸ ಬೇಕು ಎಂದಳು.

ಫೋನ್ ಬಂತು. ಕಂಪನಿಯ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಇಂಟರ್‌ಪ್ರಿಟರ್ ಕನ್ನಡಕ್ಕೆ ತಿರುಗಿಸಿದಳು. ಮಂಗಳೂರು ಕಡೆಯ ದನಿ.

"ಗದಿಗೆಪ್ಪನವರೇ, ನಿಮಗೆ ಈ ಎದೆನೋವು ಎಷ್ಟು ದಿನದಿಂದ ಉಂಟು?"

ಮಾಸ್ತರರು ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು.

"ಆವತ್ತ ಮೊದಲ" ಎಂದರು. "ಅದಕ್ಕ ಮುಂಚೆ ಒಂದ್ ದಿನಾನೂ ಇರಲಿಲ್ಲ."

"ಹಾಗಾದರೆ ಆಸ್ಪತ್ರೆಯಲ್ಲಿ ಹತ್ತು ವರ್ಷ ಅಂತ ಯಾಕೆ ಹೇಳಿದ್ದು?"

"ಸುಳ್ಳ ಹೇಳ್ದೆ."

ಇಂಟರ್‌ಪ್ರಿಟರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಬಸವ ಕಣ್ಣು ಮುಚ್ಚಿಕೊಂಡ.

"ಮಗಳ ಮಾರಿ ನೋಡ್ದೆ. ಬೆಳ್ಳಗ ಆಗಿತ್ತು" ಎಂದು ಮಾಸ್ತರರು ಮುಂದುವರಿಸಿದರು. "ಹೊಸಾ ನೋವು ಅಂದ್ರ ಅಂಜತಾಳ. ಹಳೇದು ಅಂದ್ರ, ಅಪ್ಪ ಇದನ್ನ ಎಷ್ಟೋ ಸಲ ತಡಕೊಂಡಾನ ಅಂತ ಧೈರ್ಯ ತಗೋತಾಳ. ಹಳೇ ನೋವಿಗೆ ನಾಕ್ ಗುಳಗಿ ಕೊಟ್ಟು ಮನಿಗೆ ಕಳಸ್ತಾರ, ಅಳಿಯಗ ಖರ್ಚ ಬರೂದಿಲ್ಲ ಅನ್ನೂದೂ ತಲಿಯಾಗಿತ್ತು. ಅದಕ್ಕ ಹಂಗ ಹೇಳ್ದೆ. ಖರೇ ಹೇಳಬೇಕಂದ್ರ, ಅಂಥಾ ನೋವು ನಾ ಹುಟ್ಟಿದಾಗಿಂದ ಕಂಡಿದ್ದಿಲ್ಲ. ಅಳೂ ಹುಡುಗ್ರನ್ನ ಗ್ರೌಂಡ್ ಸುತ್ತ ಓಡಿಸಿದಾಂವ ನಾ. ಆವತ್ತ ಆಂಬುಲೆನ್ಸ್ ಬರೂತನಕ ಬಚ್ಚಲದಾಗ ಹೋಗಿ, ನಲ್ಲಿ ಬಿಟ್ಟು, ಅತ್ತೀನಿ."

ಆ ಕಡೆ ಇಂಟರ್‌ಪ್ರಿಟರ್ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಕಂಪನಿಯ ಹೆಂಗಸು ಥ್ಯಾಂಕ್ ಯೂ ಸರ್ ಎಂದಳು, ಇನ್ನೆರಡು ಪ್ರಶ್ನೆ ಕೇಳಿದಳು, ಫೋನ್ ಇಟ್ಟುಬಿಟ್ಟಳು. ಅನುಶ್ರೀ ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತು ಅವರ ಮೊಣಕಾಲಿಗೆ ತಲೆ ಆನಿಸಿದಳು. ಮಾಸ್ತರರು ಏನು ಮಾಡಬೇಕೆಂದು ತಿಳಿಯದೆ, ಕನೀಜಳ ಪಾತ್ರೆಯಿಂದ ಒಂದು ಹಿಡಿ ಅವರೆಕಾಳು ತೆಗೆದುಕೊಂಡು ಹಿತಕತೊಡಗಿದರು. ನಾನು ಬಾಗಿಲಿನಿಂದ ಸರಿದು ಮುಂದಿನ ಕೋಣೆಗೆ ಹೋಗಿ ಕನ್ನಡಕ ಒರೆಸಿಕೊಂಡೆ. ನನಗೆ ಅಳು ಬಂದಿತ್ತು, ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ಏಪ್ರಿಲ್ ಮೊದಲ ವಾರ ಕಾಗದ ಬಂತು. ಕ್ಲೇಮನ್ನು ಒಪ್ಪಿದ್ದೇವೆ ಎಂದಿತ್ತು. ಮಾಸ್ತರ ದಂಪತಿಗಳ ವಾಪಸು ವಿಮಾನ ಆ ವಾರದ ಕೊನೆಗೇ ಇತ್ತು. ಶೈಲಮ್ಮ ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿಕೊಂಡು, ಮೇಲೆ ತುಪ್ಪ ಸುರಿದು ಕ್ಲಿನಿಕ್ಕಿಗೆ ತಂದರು. ಕಿಟಕಿ ಕಡೆಯವರು, ಬಾಗಿಲ ಕಡೆಯವರು ಎಲ್ಲರೂ ತಿಂದರು. ನಾನು ಮೂರು ತಿಂದೆ. ಕನೀಜ್ ಬೇಡ ಬೇಡ ಎನ್ನುತ್ತಿದ್ದರೂ ಶೈಲಮ್ಮ ಬಿಡದೆ ಎರಡು ತಿನ್ನಿಸಿದರು.

ಅರ್ಧ ಗಂಟೆಯ ನಂತರ ಅವಳು ಹಿಂದಿನ ಕೋಣೆಯಲ್ಲಿ ಮೇಜಿನ ಅಂಚು ಹಿಡಿದು ಬಗ್ಗಿ ನಿಂತಿದ್ದಳು. ಹಣೆಯಲ್ಲಿ ಬೆವರು, ಮುಖದಲ್ಲಿ ರಕ್ತವಿಲ್ಲ. ಅಂಗೈ ಬಲ ಪಕ್ಕೆಯ ಕೆಳಗೆ. ತುಪ್ಪದ ಹೋಳಿಗೆ ತಿಂದ ಮೇಲೆ, ಬಲ ಪಕ್ಕೆಯ ಕೆಳಗೆ ಬಂದು, ಬೆನ್ನಿಗೆ ಹೊಡೆಯುವ ನೋವು ಯಾವುದು ಎಂದು ಮೆಡಿಕಲ್ ಕಾಲೇಜಿನ ಎರಡನೇ ವರ್ಷದ ಹುಡುಗನಿಗೂ ಗೊತ್ತು. ಪಿತ್ತಕೋಶದ ಕಲ್ಲು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಎಂದೂ ಯಾವ ಕಂಪನಿಯ ಮೇಲೂ ಬಂದಿರಲಿಲ್ಲ.

ಅವಳನ್ನು ಕೂರಿಸಿ, ಮೃದುವಾಗಿ ಕೇಳಿದೆ: "ಎಷ್ಟು ದಿನದಿಂದ ನೋವು ಕನೀಜ್?"

"ಹಳೇದು ಡಾಕ್ಟ್ರೇ. ಗ್ಯಾಸ್ಟ್ರಿಕ್ಕು. ಹತ್ತು ವರ್ಷದಿಂದ ಇದೆ, ಬರುತ್ತೆ ಹೋಗುತ್ತೆ."

ಎರಡು ತಿಂಗಳು ಆ ಒಂದು ವಾಕ್ಯದ ಜೊತೆ ಗುದ್ದಾಡಿ ಗೆದ್ದವಳು, ಅದನ್ನೇ ಚೂರೂ ಬದಲಾಯಿಸದೆ ಹೇಳಿದಳು. ನನ್ನ ಪೆನ್ನು ಚೀಟಿಯ ಮೇಲೆ ನಿಂತಿತು. ಬಾಗಿಲಲ್ಲಿ ಮಾಸ್ತರರು ನಿಂತಿದ್ದರು, ಹೊರಡುವ ಮುಂಚೆ ಹೇಳಿ ಹೋಗಲು ಬಂದವರು.

"ಬರಕೋಬ್ಯಾಡ್ರಿ ಡಾಕ್ಟರ" ಎಂದರು. "ಆಕಿ ಸುಳ್ಳ ಹೇಳ್ತಾಳ." ಆಮೇಲೆ ಅವಳ ಕಡೆ ತಿರುಗಿದರು. "ತಂಗೀ, ನನಗ ಹೇಳಸಿದೆಲ್ಲ. ಈಗ ನೀ ಹೇಳು."

ಕನೀಜ್ ತಲೆ ತಗ್ಗಿಸಿದಳು.

"ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರದಿಂದ" ಎಂದಳು ಕಡೆಗೆ. "ಇನ್ಶೂರೆನ್ಸ್ ಬಿಟ್ಟು ಎರಡು ತಿಂಗಳಾಗಿತ್ತು. ಸ್ಕ್ಯಾನ್ ಅಂತೀರಿ, ಆಪರೇಷನ್ ಅಂತೀರಿ. ಯೂನುಸ್ ದಿನಕ್ಕೆ ಹದಿನಾಲ್ಕು ಗಂಟೆ ಡ್ರೈವ್ ಮಾಡ್ತಿದ್ದಾರೆ. ಯಾರಿಗೆ ಹೇಳ್ಲಿ?"

"ಚಾರಿಟಿ ಕೇರ್ ಇದೆಯಲ್ಲಮ್ಮಾ, ಊರಿಗೆಲ್ಲ ನೀನೇ ತುಂಬಿಸ್ತೀಯಲ್ಲ."

"ನಾನು ತುಂಬಿಸೋಳು ಡಾಕ್ಟ್ರೇ."

ಈ ಮಾತಿಗೆ ಉತ್ತರ ಶೈಲಮ್ಮನಲ್ಲಿತ್ತು. ಗಂಡನ ಹಿಂದಿನಿಂದ ಬಂದು, ಕನೀಜಳ ಬೆನ್ನು ಸವರುತ್ತಾ, "ಊರ ಮಂದಿಗೆಲ್ಲಾ ಬಡಸಿ, ತಾ ಉಪಾಸ ಕೂತ್ರ ಹೆಂಗವಾ" ಎಂದರು.

ಜೂನಿನಲ್ಲಿ ಆಪರೇಷನ್ ಆಯಿತು. ವಾರದೊಳಗೆ ಅವಳು ಹೋಲ್ಡಿನಲ್ಲಿ ಕೂತಿದ್ದಳು, ಬೇಡವೆಂದರೂ ಕೇಳದೆ. ಮುಂದಿನ ಜನವರಿಯಿಂದ ನಾನು ಸಿಬ್ಬಂದಿಯ ಇನ್ಶೂರೆನ್ಸನ್ನು ಮತ್ತೆ ಶುರುಮಾಡಿದೆ. ಕಂತು ನೋಡಿದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ, ಕಟ್ಟುತ್ತೇನೆ. ಅದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಆಸ್ಪತ್ರೆಗೆ ಕಳಿಸುವ ಚೀಟಿಯ ಮೇಲೆ ನಾನು ಥ್ಯಾಂಕ್ಸ್‌ಗಿವಿಂಗಿನಿಂದ, ನಾಲ್ಕೂವರೆ ತಿಂಗಳು ಎಂದು ಬರೆದೆ. ಆಮೇಲೆ ಅವಳದೇ ಡ್ರಾಯರಿನಿಂದ ಒಂದು ಚಾರಿಟಿ ಕೇರ್ ಅರ್ಜಿ ತೆಗೆದು ತುಂಬಲು ಕೂತೆ. ಎರಡು ಸಾಲು ಬರೆಯುವಷ್ಟರಲ್ಲಿ ಕನೀಜ್ ನೋವಿನಲ್ಲೂ ಕೈ ಚಾಚಿ ಅದನ್ನು ಕಿತ್ತುಕೊಂಡಳು.

"ನಿಮ್ಮ ಅಕ್ಷರ ಕಂಡ್ರೆ ಮೊದಲ ದಿನವೇ ವಾಪಸ್ ಕಳಿಸ್ತಾರೆ" ಎಂದಳು.

ಹೊಸ ಅರ್ಜಿ ತೆಗೆದುಕೊಂಡಳು. ರೋಗಿಯ ಹೆಸರು ಎಂದಿದ್ದ ಕಡೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ಆ ದುಂಡು ಅಕ್ಷರದಲ್ಲಿ, ಮೊದಲ ಸಲ, ತನ್ನ ಹೆಸರು ಬರೆದಳು.